ಉಚಿತ ಗೋಡೆಯ ಔಚಿತ್ಯ

ಕಳೆದ ದಸರಾ ರಜೆಯಲ್ಲಿ ಸಾಗರದ ಕಡೆಯ ಹಳ್ಳಿಯಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ನಿವೃತ್ತ ಹೈಸ್ಕೂಲು ಮೇಷ್ಟ್ರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸುತ್ತಲಿನ ಊರುಗಳ ಹೆಂಗಸರು ಹಾಡುವ ಹಾಡುಗಳನ್ನು ಕೇಳಿ ಕೇಳಿ ಟೈಪು ಮಾಡಿಟ್ಟುಕೊಂಡಿದ್ದಾರೆ. ಮನೆಗೆ ಹೊಸದಾಗಿ ಫೈಬರ್ ಸಂಪರ್ಕ ಬಂದಿತ್ತು. ಕಾಫಿ ಲೋಟ ಕೈಗಿಟ್ಟವರೇ, "ಒಂದು ಫೈರ್‌ವಾಲ್ ಹಾಕಿಕೊಡು ಮಾರಾಯ. ದುಡ್ಡು ಕೊಡೋದಾದ್ರೆ ಬೇಡ. ಬಿಟ್ಟಿ ಸಿಗೋದ್ರಲ್ಲಿ ಯಾವುದು ಒಳ್ಳೇದು ನೋಡು" ಎಂದರು.

ಅವರ ಭಯಕ್ಕೆ ಕಾರಣವಿತ್ತು. 2003ರ ಮಳೆಗಾಲದಲ್ಲಿ ಒಂದು ಸಂಜೆ ಪಕ್ಕದ ಕೇರಿಯ ಅಜ್ಜಿಯೊಬ್ಬರನ್ನು ಕೂರಿಸಿಕೊಂಡು ಅವರು ಹಾಡುತ್ತಿದ್ದಂತೆಯೇ ಮಾವ ಟೈಪು ಮಾಡುತ್ತಿದ್ದರಂತೆ. ಮೇಲ್ ನೋಡಿದ ಮೇಲೆ ಮೋಡೆಮ್ ಸಂಪರ್ಕ ಕಡಿಯುವುದು ಮರೆತುಹೋಗಿತ್ತು. ಪರದೆಯ ಮೇಲೆ ಒಂದು ಪುಟ್ಟ ಕಿಟಕಿ ಕಾಣಿಸಿಕೊಂಡು ಅರವತ್ತರಿಂದ ಕೆಳಗೆ ಎಣಿಸತೊಡಗಿತು. ಸೇವ್ ಮಾಡಬೇಕೆಂದು ಹೊಳೆಯುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಿತ್ತು. ಹಾಡಿನ ಮೊದಲರ್ಧ ಮಾತ್ರ ಉಳಿಯಿತು. ಮತ್ತೆ ಹಾಡಿಸೋಣವೆಂದು ಮಳೆ ಕಳೆದ ಮೇಲೆ ಹೋದರೆ ಅಜ್ಜಿ ಇರಲಿಲ್ಲ.

ಯಾವುದನ್ನು ಹಾಕಿಕೊಡಲಿ ಎಂದು ಹುಡುಕಲು ಕೂತ ನಾನು ಅಭ್ಯಾಸಬಲದಿಂದ ಅದರ ಚರಿತ್ರೆಗೆ ಇಳಿದೆ. ಆಮೇಲೆ ಅನಿಸಿತು, ಈ ಪ್ರಶ್ನೆಗೆ ಉತ್ತರ ಇರುವುದೂ ಚರಿತ್ರೆಯಲ್ಲೇ.

ಫೈರ್‌ವಾಲ್ ಎಂಬ ಪದ ಕಟ್ಟಡ ಕಟ್ಟುವವರದು. ಒಂದು ಮನೆಗೆ ಬಿದ್ದ ಬೆಂಕಿ ಮಗ್ಗುಲ ಮನೆಗೆ ಹಬ್ಬದಿರಲೆಂದು ನಡುವೆ ಎಬ್ಬಿಸುವ ದಪ್ಪ ಗೋಡೆ ಅದು. ಆದರೆ ಕಂಪ್ಯೂಟರಿನ ಫೈರ್‌ವಾಲ್ ಪೂರ್ತಿ ಗೋಡೆಯಲ್ಲ. ನಮ್ಮ ಮಲೆನಾಡಿನ ತೋಟದ ದಾರಿಗೆ ಹಾಕುವ ದಣಪೆಯ ಹಾಗೆ: ಮನುಷ್ಯ ದಾಟಬಹುದು, ದನ ದಾಟಬಾರದು. ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಓಡಾಡುತ್ತದೆ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ಪೋರ್ಟ್ ಎಂದು ಬರೆದಿರುತ್ತದೆ. ಪೋರ್ಟ್ ಎಂದರೆ ಕಂಪ್ಯೂಟರಿನ ಬಾಗಿಲು ಸಂಖ್ಯೆ. ಸೊನ್ನೆಯಿಂದ 65,535ರವರೆಗೆ ಇವೆ. ಆ ವಿಳಾಸ ಓದಿ ಬಿಡುವುದೋ ತಡೆಯುವುದೋ ಎಂದು ತೀರ್ಮಾನಿಸುವುದಷ್ಟೇ ಫೈರ್‌ವಾಲಿನ ಕೆಲಸ.

ಮೊದಮೊದಲು ಇಂಥ ಕಾವಲು ಬೇಕೆಂದು ಹೆಚ್ಚು ಜನರಿಗೆ ಅನ್ನಿಸಿರಲಿಲ್ಲ. ಇಂಟರ್ನೆಟ್ ಎಂದರೆ ವಿಶ್ವವಿದ್ಯಾಲಯಗಳು, ಪ್ರಯೋಗಾಲಯಗಳು, ಒಬ್ಬರನ್ನೊಬ್ಬರು ಬಲ್ಲ ಜನ. 1988ರ ನವೆಂಬರ್ 2ರಂದು ಆ ನಂಬಿಕೆ ಬಿರುಕು ಬಿಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ ಒಂದರಿಂದ ಒಂದಕ್ಕೆ ಹಬ್ಬಿ, ಅಂದಾಜು ಆರು ಸಾವಿರ ಕಂಪ್ಯೂಟರುಗಳನ್ನು ಉಸಿರು ಕಟ್ಟಿಸಿತು. ಅಂದಿನ ಇಂಟರ್ನೆಟ್ಟಿನಲ್ಲಿ ಅದು ಸುಮಾರು ಹತ್ತನೇ ಒಂದು ಪಾಲು. ಮಾರಿಸ್ ಕೂಡ ಸಂಶೋಧನ ವಿದ್ಯಾರ್ಥಿಯೇ ಆಗಿದ್ದ ಎಂಬುದನ್ನು ಓದುವಾಗ ನಾನು ಸ್ವಲ್ಪ ಹೊತ್ತು ನಿಂತೆ. ಪೊಟ್ಟಣ ಸೋಸುವ ಉಪಾಯಗಳನ್ನು ಎಂಜಿನಿಯರುಗಳು ಬರೆಯತೊಡಗಿದ್ದೂ ಆ ಹೊತ್ತಿನಲ್ಲೇ. 1994ರಲ್ಲಿ ಬೆಲ್ ಲ್ಯಾಬ್ಸ್‌ನ ಚೆಸ್ವಿಕ್ ಮತ್ತು ಬೆಲೋವಿನ್ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ ಫೈರ್‌ವಾಲನ್ನು ಮಾರುವ ಸರಕಾಗಿಸಿದ್ದೂ ಅದೇ ಕಾಲದಲ್ಲಿ.

ಇಲ್ಲಿಯವರೆಗೆ ಗೋಡೆ ಇದ್ದದ್ದು ಸಂಸ್ಥೆಯ ಹೆಬ್ಬಾಗಿಲಲ್ಲಿ. ಕಾಯಲು ಸಂಬಳ ಪಡೆವ, ವಿಷಯ ತಿಳಿದ ಒಬ್ಬ ಮನುಷ್ಯ ಅಲ್ಲಿ ಇರುತ್ತಿದ್ದ. ಮನೆಗೆ ಇಂಟರ್ನೆಟ್ ಬಂದಾಗ ಆ ಮನುಷ್ಯ ಜೊತೆಗೆ ಬರಲಿಲ್ಲ.

ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಫೋನ್ ತಂತಿಯ ಮೇಲೆ ಕಿರುಗುಟ್ಟುತ್ತ ಸೇರಿಕೊಂಡು, ಬಿಲ್ಲಿಗೆ ಹೆದರಿ ಬೇಗ ಕಡಿದುಕೊಳ್ಳುತ್ತಿದ್ದ ಕಾಲ ಅದು. ಬಡತನವೇ ಒಂದು ಕಾವಲಾಗಿತ್ತು ಎನ್ನಬಹುದು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಸಂಪರ್ಕ ಹಗಲಿರುಳೂ ತೆರೆದೇ ಇರತೊಡಗಿತು. ಪಶ್ಚಿಮದ ಮನೆಗಳಲ್ಲಿ ಇದು ಕೆಲವು ವರ್ಷ ಮೊದಲೇ ಆಗಿತ್ತು. ಆ ತೆರವನ್ನು ತುಂಬಲು ಬಂದವು ಉಚಿತ ಫೈರ್‌ವಾಲ್‌ಗಳು.

ಅವುಗಳಲ್ಲಿ ಹೆಸರಾದದ್ದು ಜೋನ್ ಲ್ಯಾಬ್ಸ್‌ನ ಜೋನ್‌ಅಲಾರ್ಮ್. ಸ್ವಂತ ಬಳಕೆಗೆ ಕಾಸು ಬೇಕಿರಲಿಲ್ಲ. ಹೊರಗಿನಿಂದ ಬರುವುದನ್ನು ತಡೆಯುವುದರ ಜೊತೆಗೆ ಒಳಗಿನಿಂದ ಹೊರಗೆ ಹೋಗುವ ಪ್ರೋಗ್ರಾಮುಗಳನ್ನೂ ಅದು ನಿಲ್ಲಿಸಿ ಕೇಳುತ್ತಿತ್ತು. ಗುಟ್ಟಾಗಿ ಸುದ್ದಿ ಸಾಗಿಸುವ ತಂತ್ರಾಂಶಗಳಿದ್ದ ಕಾಲದಲ್ಲಿ ಅದು ದೊಡ್ಡ ಮಾತು. ಅದರ ಜೊತೆಗೆ ಸೈಗೇಟ್, ಕೆರಿಯೊ, ಔಟ್‌ಪೋಸ್ಟ್, ಆಮೇಲೆ ಕೊಮೊಡೊ ಬಂದವು. ಯಾವುದು ಮೇಲು ಎಂದು ಪತ್ರಿಕೆಗಳು ಹೋಲಿಸಿ ಬರೆದವು. ಮಾವನ ಅಟ್ಟದ ಮೇಲಿನ ಹಳೇ ಸಿಪಿಯುವಿನಲ್ಲೂ ಆ ಸಂಜೆಯ ಅನಾಹುತದ ನಂತರ ಹಾಕಿಸಿಕೊಂಡ ಜೋನ್‌ಅಲಾರ್ಮ್ ಇತ್ತು.

ಆ ಸಂಜೆಯ ಅನಾಹುತದ ಹೆಸರು ಬ್ಲಾಸ್ಟರ್. 2003ರ ಆಗಸ್ಟ್ 11ರಂದು ಹಬ್ಬತೊಡಗಿದ ಈ ವರ್ಮ್ ವಿಂಡೋಸ್ 2000 ಮತ್ತು ಎಕ್ಸ್‌ಪಿ ಯಂತ್ರಗಳನ್ನು 135ನೆಯ ಬಾಗಿಲಿನಿಂದ ಹೊಕ್ಕಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಸಂಪರ್ಕವಿದ್ದರೆ ಸಾಕಿತ್ತು. ವಿಷಾದದ ಸಂಗತಿಯೆಂದರೆ, ತೂತು ಮುಚ್ಚುವ ತೇಪೆ ಜುಲೈ 16ಕ್ಕೇ ಸಿದ್ಧವಾಗಿತ್ತು. ಎಕ್ಸ್‌ಪಿಯೊಳಗೆ 2001ರಿಂದಲೇ ಒಂದು ಫೈರ್‌ವಾಲೂ ಇತ್ತು. ಆದರೆ ಅದನ್ನು ಆರಿಸಿಟ್ಟೇ ಕೊಡುತ್ತಿದ್ದರು. ಬಳಸುವವರೇ ಹುಡುಕಿ ಚಾಲೂ ಮಾಡಿಕೊಳ್ಳಬೇಕಿತ್ತು. ಮಾವನಂಥವರಿಗೆ ಹಾಗೊಂದು ಅಗಳಿ ಬಾಗಿಲಲ್ಲೇ ಇದೆಯೆಂದು ಹೇಳುವವರು ಯಾರು? ಮರುವರ್ಷದ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕ್ ಅದನ್ನು ತಾನಾಗಿಯೇ ಚಾಲೂ ಮಾಡಿತು. ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ತಿರುವು ಇದೇ. ಹೊಸ ಶೋಧವೇನೂ ಆಗಲಿಲ್ಲ. 'ಇಲ್ಲ' ಎಂದಿದ್ದ ಒಂದು ಗುಂಡಿ 'ಹೌದು' ಎಂದಾಯಿತು, ಅಷ್ಟೆ.

ಅದೇ 2004ರ ಮಾರ್ಚಿನಲ್ಲಿ ಇನ್ನೊಂದು ಪಾಠವೂ ಸಿಕ್ಕಿತ್ತು. ವಿಟ್ಟಿ ಎಂಬ ವರ್ಮ್ ಬ್ಲ್ಯಾಕ್‌ಐಸ್ ಮುಂತಾದ ಫೈರ್‌ವಾಲ್‌ಗಳ ದೋಷವನ್ನೇ ದಾರಿ ಮಾಡಿಕೊಂಡಿತು. ಗೋಡೆ ಹಾಕಿಕೊಂಡ ಸುಮಾರು ಹನ್ನೆರಡು ಸಾವಿರ ಯಂತ್ರಗಳಿಗೆ ಗೋಡೆಯಿಂದಲೇ ಸೋಂಕು ತಗುಲಿತು, ಡಿಸ್ಕಿನ ಮಾಹಿತಿ ಅಳಿಯಿತು. ಕಾವಲಿಗೆ ಇಟ್ಟದ್ದೂ ಮನುಷ್ಯರು ಬರೆದ ತಂತ್ರಾಂಶವೇ. ಎರಡೆರಡು ಫೈರ್‌ವಾಲ್ ಹಾಕಿಕೊಂಡರೆ ಎರಡು ಪಟ್ಟು ಸುರಕ್ಷಿತ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವು ಒಂದರ ಕಾಲು ಇನ್ನೊಂದು ತುಳಿಯುತ್ತವೆ.

ಬಿಟ್ಟಿ ಗೋಡೆಗಳ ಮುಂದಿನ ಕತೆ ಕೇಳಿ. ಜೋನ್ ಲ್ಯಾಬ್ಸ್ 2004ರಲ್ಲಿ ಚೆಕ್ ಪಾಯಿಂಟ್ ಪಾಲಾಯಿತು. 2005ರಲ್ಲಿ ಸೈಗೇಟನ್ನು ಸಿಮ್ಯಾಂಟೆಕ್ ಕೊಂಡಿತು. ಆ ಉಚಿತ ಫೈರ್‌ವಾಲ್ ನಿಂತುಹೋಯಿತು. ಕೆರಿಯೊ ಅದೇ ವರ್ಷದ ಕೊನೆಗೆ ತನ್ನ ಫೈರ್‌ವಾಲನ್ನು ಬೇರೆ ಕಂಪನಿಗೆ ದಾಟಿಸಿತು. ಔಟ್‌ಪೋಸ್ಟ್‌ನ ತಂತ್ರಜ್ಞಾನವನ್ನು 2015ರಲ್ಲಿ ರಷ್ಯದ ಯಾಂಡೆಕ್ಸ್ ಪಡೆಯಿತು, ಮಾರಾಟ ನಿಂತಿತು. ಬೆಲೆಯಿಲ್ಲದ ವಸ್ತು ಬಳಸಿದವರಿಗೆ ಅದರ ಮೇಲೆ ಹಕ್ಕೂ ಇರಲಿಲ್ಲ. ಲಿನಕ್ಸ್ ಲೋಕದ ಕತೆ ಬೇರೆ. 2001ರಲ್ಲಿ ಬಂದ ಐಪಿಟೇಬಲ್ಸ್‌ನ ಮೂಲ ಸಂಕೇತ ಎಲ್ಲರಿಗೂ ತೆರೆದಿತ್ತು. 2014ರಿಂದ ಅದರ ಜಾಗಕ್ಕೆ ಎನ್‌ಎಫ್‌ಟೇಬಲ್ಸ್ ನಿಧಾನವಾಗಿ ಬಂದಾಗಲೂ ಯಾರ ಬಾಗಿಲೂ ರಾತ್ರೋರಾತ್ರಿ ಬಯಲಾಗಲಿಲ್ಲ.

ಕನ್ನಡದ ಭಾಗ್ಯವೆಂದರೆ ನಮ್ಮ 'ಉಚಿತ'ಕ್ಕೆ ಎರಡು ಅರ್ಥವಿದೆ: ಬೆಲೆಯಿಲ್ಲದ್ದು, ತಕ್ಕದ್ದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯದ ಔಚಿತ್ಯವನ್ನು ಚರ್ಚಿಸಿದ. ಯಾವುದು ಎಲ್ಲಿ ಸಲ್ಲುತ್ತದೆ ಎಂಬ ಆ ಪ್ರಶ್ನೆಯನ್ನು ಸಾಫ್ಟ್‌ವೇರಿಗೂ ಕೇಳಬಹುದು. ಮಾವನ ಜೋನ್‌ಅಲಾರ್ಮ್ ಬೆಲೆಯಿಲ್ಲದ್ದಾಗಿತ್ತು, ಆದರೆ ಅವರಿಗೆ ತಕ್ಕದ್ದಾಗಿರಲಿಲ್ಲ. 'ಇಂಥ ಪ್ರೋಗ್ರಾಮ್ ಇಂಟರ್ನೆಟ್ಟಿಗೆ ಹೋಗಬೇಕೆನ್ನುತ್ತಿದೆ, ಬಿಡಲೇ?' ಎಂದು ಅದು ಗಳಿಗೆಗೊಮ್ಮೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಪ್ರೋಗ್ರಾಮಿನ ಹೆಸರೇ ಅರ್ಥವಾಗದ ಮಾವ ಪ್ರತಿಸಲವೂ 'ಯೆಸ್' ಒತ್ತುತ್ತಿದ್ದರು. ಸಂಸ್ಥೆಯ ಹೆಬ್ಬಾಗಿಲಲ್ಲಿದ್ದ ಆ ತಿಳಿದವನ ಕೆಲಸ ಸದ್ದಿಲ್ಲದೆ ಅವರ ಹೆಗಲಿಗೆ ಬಂದಿತ್ತು.

ಹಾಗಾಗಿ ನಾನು ಅವರ ಹೊಸ ಕಂಪ್ಯೂಟರಿಗೆ ಮಾಡಿದ್ದು ಇಷ್ಟು. ವಿಂಡೋಸ್ ಜೊತೆಗೇ ಬರುವ ಫೈರ್‌ವಾಲ್ ಚಾಲೂ ಇದೆಯೇ ಎಂದು ನೋಡಿದೆ. ಒಳಬರುವ ಅನಪೇಕ್ಷಿತ ಸಂಪರ್ಕ ತಡೆಯಲು ಮನೆಗೆ ಅದು ಸಾಕು. ಅಪ್‌ಡೇಟ್‌ಗಳು ತಾವಾಗಿ ಬರುವಂತೆ ಇಟ್ಟೆ, ಏಕೆಂದರೆ ಬ್ಲಾಸ್ಟರ್ ಗೆದ್ದದ್ದು ಹಾಕಿಕೊಳ್ಳದ ತೇಪೆಯಿಂದ. ರೌಟರಿನ ಮೊದಲಿನ ಪಾಸ್‌ವರ್ಡ್ ಬದಲಿಸಿದೆ. ಐಪಿವಿ6 ಸಂಪರ್ಕದಲ್ಲಿ ವಿಳಾಸ ಮರೆಸುವ ಹಳೆಯ ರಕ್ಷಣೆ ಸಿಗುವುದಿಲ್ಲವಾದ್ದರಿಂದ ರೌಟರಿನದೇ ಫೈರ್‌ವಾಲ್ ತೆರೆದಿದೆಯೋ ಇಲ್ಲವೋ ಎಂದೂ ನೋಡಿದೆ. ಹೊರಹೋಗುವುದನ್ನೂ ಹಿಡಿತದಲ್ಲಿಡಬೇಕೆನ್ನುವ ಗೆಳೆಯರಿಗೆ ಪ್ರಶ್ನೆಗಳ ಕಾಟವಿಲ್ಲದ ಟೈನಿವಾಲ್, ಮೂಲ ಸಂಕೇತ ತೆರೆದಿಟ್ಟ ಸಿಂಪಲ್‌ವಾಲ್ ಇವೆ. ಉಬುಂಟು ಬಳಸುವವರಿಗೆ ಯುಎಫ್‌ಡಬ್ಲ್ಯು ಇದೆ; ಅದನ್ನು ಕೈಯಾರೆ ಚಾಲೂ ಮಾಡಬೇಕು. ಏನೇ ಹಾಕಿಕೊಂಡರೂ ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ. ಮತ್ತು ನಾವೇ ಬಾಗಿಲು ತೆರೆದು ಕರೆದುಕೊಂಡ ಮೋಸದ ಮೇಲನ್ನು, ಫೋನಿನಲ್ಲಿ ಹೇಳಿಬಿಟ್ಟ ಒಟಿಪಿಯನ್ನು ಯಾವ ಗೋಡೆಯೂ ತಡೆಯದು ಎಂಬುದು ನೆನಪಿರಲಿ.

ಕೊನೆಗೆ ಹಾಡುಗಳ ಫೋಲ್ಡರನ್ನು ಎರಡು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಒಂದನ್ನು ಅಕ್ಕನ ಮನೆಗೆ ಕಳಿಸಿದೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಾವ, "ಅಲ್ವೋ, ಹೊಸದು ಏನೂ ಹಾಕಲೇ ಇಲ್ವಲ್ಲ?" ಎಂದರು. ಇಲ್ಲ ಮಾವ, ಇದ್ದದ್ದನ್ನೇ ಸರಿ ಮಾಡಿದೆ ಎಂದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನಕಲು ಮಾಡುವಾಗ ಕಣ್ಣಿಗೆ ಬಿದ್ದ 2003ರ ಆ ಕಡತವನ್ನು ತೆರೆದರು. ಹನ್ನೆರಡು ಸಾಲು, ಹದಿಮೂರನೆಯದು ಪದದ ನಡುವೆಯೇ ತುಂಡು. ಅಜ್ಜಿಯ ಮಗಳು ಈಗ ಹೊಸನಗರದಲ್ಲಿದ್ದಾರಂತೆ. ಅವರಿಗೆ ಉಳಿದದ್ದು ಬರುತ್ತದೋ ಏನೋ, ಒಮ್ಮೆ ಹೋಗಿ ಕೇಳಬೇಕು ಎಂದರು. ಬರುವ ರಜೆಗೆ ನಾನೂ ಜೊತೆಗೆ ಹೋಗುವುದೆಂದು ಮಾತಾಗಿದೆ.