ಶ್ರವಣಬೆಳ್ಗೊಳದ ಒಂದು ಒಡಂಬಡಿಕೆ

ಅರಸರ ಚರಿತ್ರೆಯೇ ದೇಶದ ಚರಿತ್ರೆಯೆಂದು ನಾವು ಬಹುಕಾಲ ಓದಿಕೊಂಡು ಬಂದಿದ್ದೇವೆ. ಆದರೆ ಜನರ ಬಾಳನ್ನು ರೂಪಿಸುವ ಶಕ್ತಿ ಅರಮನೆಯೊಂದರಲ್ಲಿಯೇ ಇರುವುದಿಲ್ಲ. ದೇವಾಲಯ, ಮಠ, ವರ್ತಕರ ಕೂಟ, ಕುಲ, ಸಮಯಗಳಲ್ಲಿಯೂ ಅದು ಹಂಚಿಹೋಗಿರುತ್ತದೆ. ಇವು ಕೂಡಿ ನಡೆದ ಬಗೆಯನ್ನು ತಿಳಿಸುವ ಒಂದು ಕನ್ನಡ ಶಿಲಾಶಾಸನ ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿದೆ. ಅದರ ಕಾಲ ಶಕ 1290, ಎಂದರೆ ಕ್ರಿ. ಶ. 1368. ಆಗ ವಿಜಯನಗರದಲ್ಲಿ ಆಳುತ್ತಿದ್ದವನು ಮೊದಲನೆಯ ಬುಕ್ಕರಾಯ.

ಜೈನರಿಗೂ ಭಕ್ತರೆನಿಸಿದ ಶ್ರೀವೈಷ್ಣವರಿಗೂ ಆ ಕಾಲದಲ್ಲಿ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಬಿನ್ನಹಕ್ಕೆ ಮುಂದಾದವನು ಕಲ್ಲೇಹದ ಬುಸುವಿಸೆಟ್ಟಿ. ಗಂಗರ, ಹೊಯ್ಸಳರ ಕಾಲದ ರಾಜಾಶ್ರಯ ಜೈನರಿಗೆ ಅಂದು ಕುಗ್ಗಿದ್ದಿತು. ಆದರೂ ಹಲವು ಪಟ್ಟಣಗಳವರು ಕೂಡಿ ನುಡಿಯುವಷ್ಟು ಒಗ್ಗಟ್ಟು ಅವರಲ್ಲಿ ಉಳಿದಿದ್ದಿತು.

ಬುಕ್ಕರಾಯನು ಕೇವಲ ಒಂದು ನಿರೂಪವನ್ನು ಕಳುಹಿಸಿ ಸುಮ್ಮನಾಗಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕೂಡಿಸಿದನು. ಆ ಸಭೆಯ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರ ಹೆಸರೂ ಇದೆ. ಎಲ್ಲರ ಸಮಕ್ಷಮದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಪೂರ್ವಮರ್ಯಾದೆಯಂತೆ ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲತಕ್ಕದ್ದೆಂದು ತೀರ್ಪಾಯಿತು. ವಾದ್ಯ, ಕಲಶಗಳು ನಮಗೆ ಅಲ್ಪವಾಗಿ ತೋರಬಹುದು. ಆದರೆ ಹತ್ತು ಜನರ ಕಣ್ಣೆದುರಿಗೆ ಸಲ್ಲುವ ಮರ್ಯಾದೆಯೇ ಒಂದು ಸಮುದಾಯದ ಸ್ಥಾನಮಾನಗಳ ಅಳತೆಗೋಲಾಗಿದ್ದಿತು. ಅದು ತಪ್ಪಿದರೆ ಮಿಕ್ಕುದೆಲ್ಲವೂ ತಪ್ಪುವ ಭಯವಿದ್ದಿತು.

ಇನ್ನು ತೀರ್ಪು ನಡೆಯುವ ಬಗೆ. ಜೈನದರ್ಶನಕ್ಕೆ ಬರುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸುವ ಹೊಣೆಯೂ ಅವರದೇ. ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ತಿರುಮಲೆಯ ತಾತಯ್ಯನು ನೇಮಿಸಬೇಕು. ಇದರ ವೆಚ್ಚಕ್ಕಾಗಿ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಸಲ್ಲಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಕೊನೆಗೆ ಎರಡು ಸಮಯದವರೂ ಸೇರಿ ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.

ಇದನ್ನು ಬರಿಯ ಔದಾರ್ಯದ ಕಥೆಯೆಂದು ಕೊಂಡಾಡುವುದು ಸುಲಭ. ಆದರೆ ಒಂದು ಮಾತನ್ನು ಮರೆಯಲಾಗದು. ಅನ್ಯಾಯಕ್ಕೆ ಒಳಗಾದವರು ಜೈನರು. ಕಾವಲಿನ ವೆಚ್ಚವನ್ನು ಹೊತ್ತವರೂ ಜೈನರೇ. ಅವರ ಸಮ್ಮತಿಯಿಂದಲೇ ಈ ಏರ್ಪಾಡಾಯಿತೆಂದು ಶಾಸನ ಹೇಳುತ್ತದೆ. ದುರ್ಬಲರ ಸಮ್ಮತಿಯಲ್ಲಿ ಇಚ್ಛೆ ಎಷ್ಟು, ಅನಿವಾರ್ಯತೆ ಎಷ್ಟು ಎಂಬುದನ್ನು ಕಲ್ಲು ತಿಳಿಸುವುದಿಲ್ಲ. ಸಮಾನತೆಯನ್ನು ಸಾರುವುದು ಬೇರೆ, ಅದರ ಭಾರವನ್ನು ಸಮನಾಗಿ ಹಂಚುವುದು ಬೇರೆ.

ಆದರೂ ಬುಕ್ಕರಾಯನು ಒಂದು ಸತ್ಯವನ್ನು ಕಂಡುಕೊಂಡಿದ್ದನು. ಅರಸನ ಆಜ್ಞೆ ಜಗಳವನ್ನು ನಿಲ್ಲಿಸಬಲ್ಲುದು. ನೆರೆಹೊರೆಯನ್ನು ಉಳಿಸಬೇಕಾದವರು ನೆರೆಹೊರೆಯವರೇ. ಆದಕಾರಣವೇ ಅವನು ಬಲಿಷ್ಠರಿಗೆ ಶಿಕ್ಷೆಯನ್ನು ವಿಧಿಸುವ ಬದಲು ಹೊಣೆಯನ್ನು ವಹಿಸಿದನು. 1565ರ ಯುದ್ಧದ ಬಳಿಕ ವಿಜಯನಗರ ಹಾಳಾಯಿತು. ಹಿಡಿದ ಕೈಗಳ ಸುದ್ದಿಯನ್ನು ಹೇಳುವ ಕಲ್ಲು ಮಾತ್ರ ಬೆಳ್ಗೊಳದಲ್ಲಿ ನಿಂತಿದೆ.