ಎರಡೇ ಕೀಲಿಗಳ ಮಿತವ್ಯಯ

ಅದಲುಬದಲಾದ ಎರಡು ಅಕ್ಷರಗಳನ್ನು ನನ್ನ ಶಿಷ್ಯನೊಬ್ಬ ಕಂಪ್ಯೂಟರಿನ ‘ವಿಮ್’ ತಂತ್ರಾಂಶದಲ್ಲಿ ‘ಎಕ್ಸ್’, ‘ಪಿ’ ಎಂಬ ಎರಡೇ ಕೀಲಿಗಳನ್ನೊತ್ತಿ ಸರಿಪಡಿಸಿ ತೋರಿಸಿದ. ಕೊಟ್ಟ ಬರಹವನ್ನು ಅತಿ ಕಡಿಮೆ ಕೀಲಿಗಳಲ್ಲಿ ತಿದ್ದಿದವನಿಗೆ ಗೆಲುವು. ಆಟದ ಹೆಸರು ‘ವಿಮ್ ಗಾಲ್ಫ್’.

ಈ ಮಿತವ್ಯಯ ಹುಟ್ಟಿದ್ದು ವಿನೋದದಿಂದಲ್ಲ, ಕೊರತೆಯಿಂದ. 1976ರ ಸುಮಾರಿಗೆ ಅಮೆರಿಕದ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಇದರ ಪೂರ್ವಜನಾದ ‘ವಿ.ಐ.’ಯನ್ನು ರಚಿಸುವಾಗ, ಅವರ ಮನೆಯ ದೂರವಾಣಿ ತಂತಿಯಲ್ಲಿ ಸೆಕೆಂಡಿಗೆ ಸುಮಾರು 30 ಅಕ್ಷರಗಳಷ್ಟೇ ಹರಿಯುತ್ತಿದ್ದವು. ಕಾದು ಬೇಸತ್ತವನಿಗೆ ಒಂದೊಂದು ಅಕ್ಷರವೂ ದುಬಾರಿ. ಆಜ್ಞೆಗಳು ಒಂದೆರಡು ಅಕ್ಷರಗಳಿಗೆ ಇಳಿದವು. 1991ರಲ್ಲಿ ಬ್ರಾಮ್ ಮೋಲೆನಾರ್ ಹೊರತಂದ ವಿಮ್ ಅವನ್ನೇ ಉಳಿಸಿಕೊಂಡಿತು.

ತಂತಿ ವೇಗವಾಯಿತು, ಜಿಪುಣತನ ಆಟವಾಗಿ ಉಳಿಯಿತು. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದರಂತೆ ನಮ್ಮ ವೈಯಾಕರಣರು. ವ್ಯಾಕರಣ ಪಾಠ ಹೇಳುವ ನನಗೆ ಶಿಷ್ಯನ ಹಿಗ್ಗು ಹೊಸದೆನಿಸಲಿಲ್ಲ.