ವಾಹನದ ಮಾರ್ಪಾಡು ಮತ್ತು ತಯಾರಕನ ಹೊಣೆ: ಒಂದು ಚಾರಿತ್ರಿಕ ವಿವೇಚನೆ

ಕೊಂಡ ವಸ್ತುವಿನ ಮೇಲೆ ಒಡೆಯನಿಗೆ ಪೂರ್ಣಾಧಿಕಾರವುಂಟೆಂಬುದು ಪ್ರಾಚೀನವಾದ ಭಾವನೆ. ತನ್ನ ಗಾಡಿಗೆ ಹೊಸ ಗಾಲಿಯನ್ನು ಹಾಕಿಸುವ ರೈತನು ಅದನ್ನು ಮಾಡಿದ ಬಡಗಿಯ ಅಪ್ಪಣೆಯನ್ನು ಬೇಡುತ್ತಿರಲಿಲ್ಲ. ಮೋಟಾರು ವಾಹನದ ವಿಷಯದಲ್ಲಿ ಈ ಅಧಿಕಾರವು ಸಂಕುಚಿತವಾದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲಿಗೆ ತಯಾರಕನ ಹೊಣೆಯೇ ಅತ್ಯಲ್ಪವಾಗಿತ್ತು. 1842ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಟಪಾಲು ಗಾಡಿ ಕೆಟ್ಟು ಗಾಯಗೊಂಡ ಚಾಲಕನಿಗೆ, ಅದರ ದುರಸ್ತಿಯ ಗುತ್ತಿಗೆದಾರನೊಡನೆ ಅವನಿಗೆ ಕರಾರಿರಲಿಲ್ಲವೆಂಬ ಕಾರಣದಿಂದ, ಪರಿಹಾರವನ್ನು ನಿರಾಕರಿಸಿತು. ಈ ಗೋಡೆಯನ್ನು ಕೆಡವಿದುದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದ 1916ರ ಮ್ಯಾಕ್‌ಫರ್ಸನ್ ತೀರ್ಪು. ಬ್ಯುಯಿಕ್ ಕಾರಿನ ಚಕ್ರದ ಮರದ ಅರೆಕಾಲುಗಳು ಮುರಿದು ಅದರ ಒಡೆಯನು ಗಾಯಗೊಂಡಿದ್ದನು. ಚಕ್ರವನ್ನು ಮಾಡಿದವರು ಬೇರೆಯವರು. ಕಾರನ್ನು ಮಾರಿದವನು ಮಧ್ಯವರ್ತಿ. ಆದರೂ, ತಕ್ಕಮಟ್ಟಿನ ಪರೀಕ್ಷೆಯಿಂದ ದೋಷವು ಗೊತ್ತಾಗುತ್ತಿದ್ದುದರಿಂದ ಕಂಪೆನಿಯೇ ಹೊಣೆಯೆಂದು ನ್ಯಾಯಮೂರ್ತಿ ಕಾರ್ಡೋಜೋ ನಿರ್ಣಯಿಸಿದರು.

ಹೊಣೆ ಬೆಳೆದಂತೆ ಅದರ ಎಲ್ಲೆಯ ಪ್ರಶ್ನೆಯೂ ಬೆಳೆಯಿತು. 1980ರಲ್ಲಿ ಅದೇ ನ್ಯಾಯಾಲಯದ ಮುಂದೆ ಪ್ಲಾಸ್ಟಿಕ್ ಅಚ್ಚುಯಂತ್ರವೊಂದರ ಪ್ರಕರಣವು ಬಂದಿತು. ಕೊಂಡವರು ಅದರ ರಕ್ಷಣಾದ್ವಾರದಲ್ಲಿ ರಂಧ್ರವನ್ನು ಕೊರೆದಿದ್ದರು. ಅದರೊಳಗೆ ಕೆಲಸಗಾರನೊಬ್ಬನ ಕೈ ಸಿಕ್ಕಿತು. ಸುರಕ್ಷಿತವಾಗಿ ತಯಾರಾದ ವಸ್ತುವನ್ನು ಅನಂತರ ಗಣನೀಯವಾಗಿ ಮಾರ್ಪಡಿಸಿದುದರಿಂದ ಉಂಟಾದ ಹಾನಿಗೆ ತಯಾರಕನು ಹೊಣೆಯಲ್ಲವೆಂದು ತೀರ್ಮಾನವಾಯಿತು.

ಭಾರತವು ನೋಂದಣಿಯ ಮಾರ್ಗವನ್ನು ಹಿಡಿಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯ ವಿವರಗಳನ್ನು ಬದಲಿಸುವ ಮಾರ್ಪಾಡಿಗೆ ಅಧಿಕಾರಿಯ ಅನುಮತಿಯನ್ನು ಕೇಳುತ್ತಿತ್ತು. 2000ದ ತಿದ್ದುಪಡಿಯಾದರೋ ತಯಾರಕನು ಮೂಲದಲ್ಲಿ ನಿಗದಿಪಡಿಸಿದ ವಿವರಗಳನ್ನೇ ಅಳತೆಗೋಲಾಗಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನು ವಿಧಿಸಿತು. ಅಂಗವಿಕಲರಿಗಾಗಿ ಹೊಂದಿಸಿದ ವಾಹನಗಳಿಗೆ ಮಾತ್ರ ಪ್ರತ್ಯೇಕ ಅವಕಾಶವನ್ನು ಕಲ್ಪಿಸಿತು.

ಈ ಎರಡು ಮಾರ್ಗಗಳ ಅಂತರವು ಗಮನಾರ್ಹವಾದುದು. ಒಂದು, ಹಾನಿಯಾದ ಮೇಲೆ ಅದರ ಕಾರಣವನ್ನು ವಿಚಾರಿಸುತ್ತದೆ. ಇನ್ನೊಂದು, ಹಾನಿಗೆ ಮುನ್ನವೇ ಮಾರ್ಪಾಡನ್ನು ತಡೆಯುತ್ತದೆ. ಹಾದಿಹೋಕನ ಪ್ರಾಣರಕ್ಷಣೆಗೆ ಎರಡನೆಯದು ಅವಶ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಮಾರ್ಪಾಡು ನಡೆದಿದೆಯೆಂಬ ಮಾತ್ರಕ್ಕೆ ತಯಾರಕನ ಮೂಲದೋಷವು ಮರೆಯಾಗಬಾರದು. ದೀಪವನ್ನು ಬದಲಿಸಿದವನ ಕಾರಿನ ಚಕ್ರವು ಮುರಿದರೆ, ಅದಕ್ಕೆ ದೀಪವು ಉತ್ತರ ಹೇಳಲಾರದು.